‘ಕ್ಲೀವ್’ ಎಂದರೆ ಸೀಳುವುದೋ, ಅಂಟಿಕೊಳ್ಳುವುದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ತರಗತಿಗಳಿಗೆ ಇಂಗ್ಲಿಷ್ ಪಾಠ ಹೇಳುವ ನನಗೆ ಪ್ರತಿ ವರ್ಷವೂ ಈ ಒಂದು ಕ್ರಿಯಾಪದದ ಬಗ್ಗೆ ಪ್ರಶ್ನೆಗಳು ಬರುತ್ತವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕೇಳುತ್ತಾರೆ, ಅನುವಾದ ಮಾಡುವವರು ಕೇಳುತ್ತಾರೆ, ಹಳೆಯ ಇಂಗ್ಲಿಷ್ ಬೈಬಲ್ ಓದುವ ಗೆಳೆಯರೂ ಕೇಳುತ್ತಾರೆ. ನಿಘಂಟು ತೆರೆದರೆ ಗೊಂದಲ ಇನ್ನೂ ಹೆಚ್ಚಾಯಿತು ಎನ್ನುವುದು ಬಹುತೇಕ ಎಲ್ಲರ ದೂರು. ಪದದ ಚರಿತ್ರೆ ತಿಳಿದವರಿಗೆ ಆ ಗೊಂದಲ ಉಳಿಯುವುದಿಲ್ಲ. ಅದಕ್ಕಾಗಿ ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

‘ಕ್ಲೀವ್’ ಪದದ ಅರ್ಥವೇನು?

ಸಿ, ಎಲ್, ಇ, ಎ, ವಿ, ಇ ಎಂಬ ಆರು ಅಕ್ಷರಗಳ ಈ ಪದಕ್ಕೆ ನಿಘಂಟಿನಲ್ಲಿ ಎರಡು ಅರ್ಥಗಳು ಸಿಗುತ್ತವೆ. ಒಂದು, ಸೀಳು ಅಥವಾ ಇಬ್ಭಾಗ ಮಾಡು. ಇನ್ನೊಂದು, ಅಂಟಿಕೊಳ್ಳು, ಬಿಡದೆ ಹಿಡಿದುಕೊಳ್ಳು. ಮನೆಯಲ್ಲಿ ಹಲಸಿನ ಹಣ್ಣು ಕೊಯ್ದವರಿಗೆ ಎರಡೂ ಒಟ್ಟಿಗೆ ಕಣ್ಣಿಗೆ ಕಟ್ಟುತ್ತವೆ. ಕತ್ತಿ ಹಣ್ಣನ್ನು ಸೀಳುತ್ತದೆ, ಹಣ್ಣಿನ ಅಂಟು ಕತ್ತಿಯನ್ನು ಬಿಡುವುದಿಲ್ಲ. ಅದಕ್ಕೇ ಮೊದಲು ಕತ್ತಿಗೂ ಕೈಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತೇವೆ. ಕತ್ತಿ ಹಣ್ಣಿಗೆ ಮಾಡುವುದೂ ‘ಕ್ಲೀವ್’, ಅಂಟು ಕತ್ತಿಗೆ ಮಾಡುವುದೂ ‘ಕ್ಲೀವ್’. ಇಂದಿನ ಮಾತಿನ ಇಂಗ್ಲಿಷಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಸರಳ ಪದಗಳು ಇರುವುದರಿಂದ ‘ಕ್ಲೀವ್’ ಬರವಣಿಗೆಯಲ್ಲಿ, ಅದರಲ್ಲೂ ಗಂಭೀರ ಬರವಣಿಗೆಯಲ್ಲಿ ಮಾತ್ರ ಉಳಿದಿದೆ.

ಒಂದೇ ಪದಕ್ಕೆ ಹೀಗೆ ಪೂರ್ವ ಪಶ್ಚಿಮದಂತಹ ಎರಡು ಅರ್ಥಗಳು ಬಂದದ್ದು ಹೇಗೆ?

ಪ್ರಶ್ನೆಯಲ್ಲೇ ಒಂದು ತಪ್ಪು ಅಡಗಿದೆ. ಇದು ಒಂದು ಪದವಲ್ಲ. ಎರಡು ಪದಗಳು. ಒಂದೇ ಊರಿನ ಇಬ್ಬರು ಮಂಜುನಾಥರಂತೆ ಇವು ಹೆಸರನ್ನು ಹಂಚಿಕೊಂಡಿವೆ, ಅಷ್ಟೇ. ಇಬ್ಬರಿಗೂ ಅಪ್ಪ ಬೇರೆ, ಮನೆ ಬೇರೆ.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಸೀಳುವುದಕ್ಕೆ ‘ಕ್ಲೇಓವನ್’ ಎಂಬ ಕ್ರಿಯಾಪದವಿತ್ತು. ಅಂಟಿಕೊಳ್ಳುವುದಕ್ಕೆ ‘ಕ್ಲಿವಿಯನ್’ ಎಂಬ ಬೇರೊಂದು ಕ್ರಿಯಾಪದವಿತ್ತು. ಅದನ್ನು ‘ಕ್ಲೆಓವಿಯನ್’ ಎಂದೂ ಹೇಳುತ್ತಿದ್ದರು. 937ರ ಬ್ರುನಾನ್‌ಬುರ್ ಕಾಳಗವನ್ನು ಹಾಡುವ ಹಳೆಯ ಇಂಗ್ಲಿಷ್ ಕವಿತೆಯಲ್ಲಿ ಯೋಧರು ಎದುರಾಳಿಗಳ ಗುರಾಣಿಗಳ ಗೋಡೆಯನ್ನು ಸೀಳಿದರು ಎಂಬಲ್ಲಿ ಬಂದಿರುವುದು ಮೊದಲನೆಯ ಪದ. ಆ ಕಾಲದವರಿಗೆ ಇದು ಎರಡನೆಯದರ ಜೊತೆ ಗೊಂದಲವಾಗುವ ಪ್ರಮೇಯವೇ ಇರಲಿಲ್ಲ, ಏಕೆಂದರೆ ಎರಡರ ಧ್ವನಿಯೂ ರೂಪಗಳೂ ಬೇರೆಯಾಗಿದ್ದವು.

ಮುಂದಿನ ಕೆಲವು ಶತಮಾನಗಳಲ್ಲಿ ಇಂಗ್ಲಿಷಿನ ಪ್ರತ್ಯಯಗಳು ಸವೆದವು, ಸ್ವರಗಳು ಒಂದರ ಹತ್ತಿರ ಒಂದು ಸರಿದವು. ಎರಡೂ ಪದಗಳು ‘ಕ್ಲೇವೆನ್’ ಎಂಬ ಒಂದೇ ಉಚ್ಚಾರಕ್ಕೆ ಬಂದು ನಿಂತವು. ಆಮೇಲೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದ ಕಾಲದಲ್ಲಿ ಆ ‘ಏ’ ಕ್ರಮೇಣ ‘ಈ’ ಆಯಿತು. ಈಗ ನಮ್ಮ ಕೈಗೆ ಸಿಕ್ಕಿರುವುದು ‘ಕ್ಲೀವ್’.

ಎರಡೂ ಬೇರೆ ಪದಗಳು ಎನ್ನುವುದಕ್ಕೆ ಆಧಾರವೇನು?

ಇಂಗ್ಲಿಷಿನ ದಾಯಾದಿ ಭಾಷೆಗಳನ್ನು ನೋಡಿದರೆ ಸಾಕು. ಡಚ್ ಭಾಷೆಯಲ್ಲಿ ಸೀಳುವುದು ‘ಕ್ಲೀವನ್’, ಅಂಟುವುದು ‘ಕ್ಲೇವನ್’. ಜರ್ಮನ್ ಭಾಷೆಯಲ್ಲಿ ಸೀಳುವುದಕ್ಕೆ ‘ಕ್ಲೀಬನ್’ ಎಂಬ ಹಳೆಯ ಪದವಿದೆ, ಅಂಟುವುದಕ್ಕೆ ‘ಕ್ಲೇಬನ್’ ಎಂಬ ಪದ ಇಂದಿಗೂ ದಿನಬಳಕೆಯಲ್ಲಿದೆ. ಇಂಗ್ಲಿಷ್ ಕಳೆದುಕೊಂಡ ಒಂದು ಸ್ವರದ ವ್ಯತ್ಯಾಸವನ್ನು ಅವು ಜೋಪಾನ ಮಾಡಿಕೊಂಡಿವೆ.

ಇನ್ನೂ ಹಿಂದಕ್ಕೆ ಹೋದರೆ ಸಂಬಂಧಿಕರೇ ಬೇರೆಯಾಗುತ್ತಾರೆ. ಸೀಳುವ ಪದದ ದೂರದ ನೆಂಟರು ಗ್ರೀಕಿನ ‘ಗ್ಲೂಫೆಯ್ನ್’, ಅಂದರೆ ಕೆತ್ತು, ಮತ್ತು ಲ್ಯಾಟಿನ್ನಿನ ‘ಗ್ಲೂಬೆರೆ’, ಅಂದರೆ ತೊಗಟೆ ಸುಲಿ. ಈಜಿಪ್ಟಿನ ಚಿತ್ರಲಿಪಿಗೆ ‘ಹೈರೋಗ್ಲಿಫ್’ ಎನ್ನುತ್ತೇವಲ್ಲ, ಅದರ ಕೊನೆಯಲ್ಲಿರುವುದು ಈ ಗ್ರೀಕ್ ಪದವೇ. ಪವಿತ್ರ ಕೆತ್ತನೆ ಎಂದು ಅದರ ಅರ್ಥ. ಅಂಟುವ ಪದದ ನೆಂಟರನ್ನು ಕೊನೆಯ ಪ್ರಶ್ನೆಯಲ್ಲಿ ನೋಡೋಣ. ಗ್ರೀಕ್, ಲ್ಯಾಟಿನ್‌ಗಳಲ್ಲಿ ‘ಗ’ ಇರುವಲ್ಲಿ ಇಂಗ್ಲಿಷ್, ಜರ್ಮನ್‌ಗಳಲ್ಲಿ ‘ಕ’ ಇರುವುದು ಆಕಸ್ಮಿಕವಲ್ಲ. ಆ ಭಾಷಾ ಗುಂಪಿನಲ್ಲಿ ನಿಯಮಬದ್ಧವಾಗಿ ನಡೆದ ಧ್ವನಿ ಬದಲಾವಣೆ ಅದು.

ಕನ್ನಡದಲ್ಲೂ ಹೀಗೆ ಎರಡು ಪದಗಳು ಒಂದಾದದ್ದು ಇದೆಯೇ?

ಇದೆ. ನನಗೆ ತೀರಾ ಇಷ್ಟವಾದ ಪ್ರಶ್ನೆ ಇದು, ಏಕೆಂದರೆ ಉತ್ತರ ನಮ್ಮ ನಾಲಿಗೆಯ ಮೇಲೆಯೇ ಇದೆ.

ಹಳಗನ್ನಡದಲ್ಲಿ ‘ಬಾಳ್’ ಎಂದರೆ ಕತ್ತಿ. ‘ಬಾೞ್’ ಎಂದರೆ ಜೀವಿಸು. ಕೊನೆಯ ಅಕ್ಷರ ನೋಡಿ: ಒಂದರಲ್ಲಿ ಳ, ಇನ್ನೊಂದರಲ್ಲಿ ೞ. ಈ ೞ ಎಂಬ ಧ್ವನಿ ಕನ್ನಡಿಗರ ಬಾಯಿಂದ ಮರೆಯಾಗಿ ಬಹುತೇಕ ಕಡೆ ಳ ಆಗಿಬಿಟ್ಟಿತು. ಆಗ ಕತ್ತಿಯೂ ‘ಬಾಳು’, ಜೀವನವೂ ‘ಬಾಳು’. ಬದುಕಿಸುವುದೂ ಕೊಲ್ಲುವುದೂ ಒಂದೇ ಹೆಸರಿನಲ್ಲಿ ಸೇರಿಕೊಂಡವು. ನಮ್ಮ ಪೂರ್ವಿಕರು ಜೀವನವನ್ನು ಕತ್ತಿಗೆ ಹೋಲಿಸಿ ಈ ಪದ ಮಾಡಿದರು ಎಂದು ಯಾರಾದರೂ ವ್ಯಾಖ್ಯಾನ ಕೊಟ್ಟರೆ ಕೇಳಲು ಸೊಗಸಾಗಿರುತ್ತದೆ, ಆದರೆ ಸುಳ್ಳು. ಧ್ವನಿಯೊಂದು ಅಳಿಯಿತು, ಪದಗಳೆರಡು ಡಿಕ್ಕಿ ಹೊಡೆದವು. ನಡೆದದ್ದು ಇಷ್ಟೇ. ತಮಿಳಿನಲ್ಲಿ ಕತ್ತಿಗೂ ಬಾಳುವೆಗೂ ಇಂದಿಗೂ ಬೇರೆ ಬೇರೆ ಅಕ್ಷರಗಳಿವೆ. ಇಂಗ್ಲಿಷಿಗೆ ಜರ್ಮನ್ ಸಾಕ್ಷಿ ಹೇಳಿದಂತೆ ಕನ್ನಡಕ್ಕೆ ತಮಿಳು ಸಾಕ್ಷಿ ಹೇಳುತ್ತದೆ.

‘ಅರಿ’ ಇನ್ನೂ ಒಳ್ಳೆಯ ಉದಾಹರಣೆ. ತಿಳಿ ಎಂಬ ಅರ್ಥದ ಪದ ಮೂಲದಲ್ಲಿ ‘ಅಱಿ’, ಅಂದರೆ ಶಕಟರೇಫ ಎನ್ನುವ ಹಳೆಯ ಱ ಅಕ್ಷರ ಇರುವ ಪದ. ಕತ್ತರಿಸು ಎಂಬ ಅರ್ಥದ್ದು ಸಾಮಾನ್ಯ ರಕಾರದ ‘ಅರಿ’; ಹಳಗನ್ನಡ ಕಾವ್ಯಗಳ ಯುದ್ಧಗಳಲ್ಲಿ ತಲೆಯನ್ನು ‘ಅರಿ’ಯುತ್ತಾರೆ. ಱ ಹೋಗಿ ರ ಆದಮೇಲೆ ಎರಡೂ ಒಂದಾದವು. ಶತ್ರು ಎಂಬ ಅರ್ಥದ ಸಂಸ್ಕೃತದ ‘ಅರಿ’ಯೂ ಬಂದು ಸೇರಿಕೊಂಡಿತು. 13ನೇ ಶತಮಾನದ ವೈಯಾಕರಣ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಬೇರೆಯಾಗಿ ಗುರುತಿಸಿಟ್ಟದ್ದು ಎಂತಹ ಉಪಕಾರ ಎನ್ನುವುದು ಇಂತಹ ಪದಗಳನ್ನು ಬಿಡಿಸುವಾಗ ಅರ್ಥವಾಗುತ್ತದೆ. ಕಣ್ಣೆದುರಿಗೇ ಅಳಿಯುತ್ತಿದ್ದ ವ್ಯತ್ಯಾಸವನ್ನು ಆತ ಹಿಡಿದಿಟ್ಟ.

‘ಬಿಡು’ ಕೂಡ ಇದೇ ಜಾತಿಯ ಪದವೇ?

ಅಲ್ಲ, ಮತ್ತು ಈ ವ್ಯತ್ಯಾಸ ಮುಖ್ಯ. ಬಸ್ ಬಿಟ್ಟಿತು ಎಂದರೆ ಹೊರಟಿತು. ಮಳೆ ಬಿಟ್ಟಿತು ಎಂದರೆ ನಿಂತಿತು. ನಲ್ಲಿಯಲ್ಲಿ ನೀರು ಬಿಟ್ಟರು ಎಂದರೆ ಬರತೊಡಗಿತು, ಶಾಲೆ ಬಿಟ್ಟಿತು ಎಂದರೆ ಮುಗಿಯಿತು. ಹೊರಡುವುದಕ್ಕೂ ನಿಲ್ಲುವುದಕ್ಕೂ ಒಂದೇ ಮಾತು. ಆದರೆ ಇಲ್ಲಿ ಪದ ನಿಜಕ್ಕೂ ಒಂದೇ. ಹಿಡಿತ ಸಡಿಲಿಸುವುದು ಎಂಬ ಒಂದೇ ಬೇರಿನಿಂದ ಕೊಂಬೆಗಳು ಎರಡು ದಿಕ್ಕಿಗೆ ಚಾಚಿವೆ. ನಿಲ್ದಾಣದ ಹಿಡಿತದಿಂದ ಬಸ್ ಬಿಡುತ್ತದೆ, ನಮ್ಮನ್ನು ಹಿಡಿದುಕೊಂಡಿದ್ದ ಮಳೆ ಬಿಡುತ್ತದೆ. ‘ಕ್ಲೀವ್’ ಪದದಲ್ಲಿ ಬೇರುಗಳೇ ಎರಡು. ಕನ್ನಡದಲ್ಲಿ ಅದಕ್ಕೆ ಜೋಡಿ ‘ಬಾಳು’, ‘ಬಿಡು’ ಅಲ್ಲ.

ವಾಕ್ಯದಲ್ಲಿ ಬಂದಾಗ ಯಾವ ಅರ್ಥ ಎಂದು ಗುರುತಿಸುವುದು ಹೇಗೆ?

‘ಕ್ಲೀವ್’ ಆದಮೇಲೆ ‘ಟು’ ಇದೆಯೇ ನೋಡಿ. ಇದ್ದರೆ ಅಂಟುವ ಅರ್ಥ. ಹಳೆಯ ಬರಹದಲ್ಲಿ ಅದು ‘ಅಂಟು’ ಎಂಬ ರೂಪದಲ್ಲೂ ಬರುತ್ತದೆ, ಕನ್ನಡದ ಅಂಟಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ, ಆದರೂ ನೆನಪಿಟ್ಟುಕೊಳ್ಳಲು ಅನುಕೂಲ. ‘ಟು’ ಇಲ್ಲದೆ ನೇರವಾಗಿ ಕರ್ಮಪದ ಬಂದರೆ ಸೀಳುವ ಅರ್ಥ. ಮರವನ್ನು, ಬಂಡೆಯನ್ನು, ಅಲೆಗಳನ್ನು, ಗಾಳಿಯನ್ನು ‘ಕ್ಲೀವ್’ ಮಾಡುತ್ತಾರೆ. ತತ್ವಕ್ಕೆ, ನಂಬಿಕೆಗೆ, ಸಂಗಾತಿಗೆ ‘ಕ್ಲೀವ್’ ಆಗುತ್ತಾರೆ. ಇಂಗ್ಲಿಷಿನ ‘ಟು’ ಇಲ್ಲಿ ನಮ್ಮ ಚತುರ್ಥಿ ವಿಭಕ್ತಿಯ ಕೆಲಸವನ್ನು ಮಾಡುತ್ತಿದೆ ಎಂದುಕೊಂಡರೆ ಕನ್ನಡಿಗರಿಗೆ ಸುಲಭ.

ಭೂತಕಾಲದ ರೂಪ ಯಾವುದು? ‘ಕ್ಲೋವ್’, ‘ಕ್ಲೆಫ್ಟ್’, ‘ಕ್ಲೀವ್ಡ್’, ‘ಕ್ಲೇವ್’ ಎಲ್ಲವೂ ಕಾಣುತ್ತವೆ.

ಸೀಳುವ ಪದಕ್ಕೆ ‘ಕ್ಲೋವ್’, ‘ಕ್ಲೆಫ್ಟ್’, ‘ಕ್ಲೀವ್ಡ್’ ಮೂರೂ ಸರಿ. ಅಂಟುವ ಪದಕ್ಕೆ ‘ಕ್ಲೀವ್ಡ್’ ಒಂದೇ. ಮೂಲದಲ್ಲಿ ಸೀಳುವ ಪದ ಒಳಗಿನ ಸ್ವರವನ್ನೇ ಬದಲಿಸಿಕೊಳ್ಳುವ ಗುಂಪಿಗೆ ಸೇರಿದ್ದರೆ ಅಂಟುವ ಪದ ಬಾಲಕ್ಕೆ ಪ್ರತ್ಯಯ ಹಚ್ಚಿಕೊಳ್ಳುವ ಗುಂಪಿಗೆ ಸೇರಿತ್ತು. ‘ಕ್ಲೇವ್’ ಹಳೆಯದು, ಈಗ ಬರೆಯಬೇಡಿ. ಪರೀಕ್ಷೆಯಲ್ಲಿ ಸಂಶಯ ಬಂದರೆ ಎರಡಕ್ಕೂ ‘ಕ್ಲೀವ್ಡ್’ ಬರೆದರೆ ತಪ್ಪಾಗುವುದಿಲ್ಲ.

‘ಕ್ಲೆಫ್ಟ್’, ‘ಕ್ಲೋವನ್’ ಎಂಬ ರೂಪಗಳು ಈಗ ಹೆಚ್ಚಾಗಿ ವಿಶೇಷಣಗಳಾಗಿ ಬದುಕಿವೆ, ಮತ್ತು ತಮ್ಮ ತಮ್ಮ ಜಾಗವನ್ನು ಬಿಟ್ಟುಕೊಡುವುದಿಲ್ಲ. ವೈದ್ಯರ ಬಾಯಲ್ಲಿ ಸೀಳು ತುಟಿ, ಸೀಳು ಅಂಗುಳಕ್ಕೆ ‘ಕ್ಲೆಫ್ಟ್’. ಹಸು, ಮೇಕೆ, ಜಿಂಕೆಗಳ ಸೀಳಿದ ಗೊರಸಿಗೆ ‘ಕ್ಲೋವನ್’. ಇವನ್ನು ಅದಲು ಬದಲು ಮಾಡುವುದಿಲ್ಲ. ‘ಕ್ಲೆಫ್ಟ್’ ಆದ ಕೋಲಿನಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಇಂಗ್ಲಿಷಿನವರು ಹೇಳುವಲ್ಲಿ ನಾವು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದೇನೆ ಎನ್ನುತ್ತೇವೆ.

ಬೈಬಲ್ಲಿನಲ್ಲಿ ಈ ಪದ ಅಷ್ಟೊಂದು ಸಲ ಬರುವುದೇಕೆ?

ಇಂಗ್ಲಿಷಿನಲ್ಲಿ ‘ಕ್ಲೀವ್’ ಇಂದಿಗೂ ಉಸಿರಾಡುತ್ತಿದ್ದರೆ ಅದಕ್ಕೆ ದೊಡ್ಡ ಕಾರಣ ಬೈಬಲ್ಲಿನ ಹಳೆಯ ಅನುವಾದಗಳು. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಪುರುಷನು ತಂದೆ ತಾಯಿಗಳನ್ನು ಬಿಟ್ಟು ಹೆಂಡತಿಯನ್ನು ಸೇರಿಕೊಳ್ಳುತ್ತಾನೆ ಎಂಬ ಮಾತಿದೆ. ವಿಲಿಯಂ ಟಿಂಡೇಲ್ 1530ರಲ್ಲಿ ಹೀಬ್ರೂವಿನಿಂದ ಅನುವಾದಿಸಿದಾಗ ಅಲ್ಲಿ ‘ಕ್ಲೀವ್’ ಬಳಸಿದ. 1611ರಲ್ಲಿ ಇಂಗ್ಲೆಂಡಿನ ದೊರೆ ಜೇಮ್ಸ್ ಮಾಡಿಸಿದ ಬೈಬಲ್ ಅದನ್ನೇ ಉಳಿಸಿಕೊಂಡಿತು. ಹೀಬ್ರೂ ಮೂಲದಲ್ಲಿರುವ ಕ್ರಿಯಾಪದ ‘ದಾಬಕ್’. ಇಂದಿನ ಹೀಬ್ರೂವಿನಲ್ಲಿ ಅದೇ ಧಾತುವಿನಿಂದ ಬಂದ ‘ದೇವೆಕ್’ ಎಂದರೆ ಅಂಗಡಿಯಲ್ಲಿ ಕೊಳ್ಳುವ ಗೋಂದು. ಅಂದರೆ ಟಿಂಡೇಲನ ಆಯ್ಕೆ ಮೂಲಕ್ಕೆ ಬಹಳ ಹತ್ತಿರದ್ದು. ಸುಮ್ಮನೆ ಜೊತೆಗಿರುವುದಲ್ಲ, ಕಿತ್ತರೆ ಬಾರದಂತೆ ಅಂಟುವುದು.

ನನ್ನ ಮನಸ್ಸಿನಲ್ಲಿ ನಿಂತಿರುವ ಪ್ರಯೋಗ ರೂತಳ ಕಥೆಯದು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ನವೊಮಿ ಪರದೇಶದಿಂದ ತನ್ನೂರಿಗೆ ಹೊರಟಿದ್ದಾಳೆ. ಸೊಸೆಯರಿಬ್ಬರಿಗೂ ತವರಿಗೆ ಹೋಗಿ ಎನ್ನುತ್ತಾಳೆ. ಒರ್ಫಾ ಅತ್ತೆಗೆ ಮುತ್ತಿಟ್ಟು ಹೊರಡುತ್ತಾಳೆ. ರೂತ್ ಬಿಡುವುದಿಲ್ಲ. ಅಲ್ಲಿ 1611ರ ಅನುವಾದ ‘ಕ್ಲೇವ್’ ಎಂಬ ಒಂದೇ ಪದದಲ್ಲಿ ಹೇಳಿ ಮುಗಿಸುತ್ತದೆ. ಹೀಬ್ರೂವಿನಲ್ಲೂ ಅದು ‘ದಾಬಕ್’ ಧಾತುವೇ. ಗಂಡ ಹೆಂಡಿರಿಗೆ ಬಳಸಿದ ಪದವನ್ನೇ ಅತ್ತೆ ಸೊಸೆಗೂ ಬಳಸಿದ್ದಾರೆ ಎನ್ನುವುದನ್ನು ಗಮನಿಸದೆ ಓದಿದರೆ ಆ ಸಾಲಿನ ಅರ್ಧ ತೂಕ ಕೈತಪ್ಪುತ್ತದೆ.

ಇನ್ನು ಆದಿಕಾಂಡದ 22ನೆಯ ಅಧ್ಯಾಯಕ್ಕೆ ಬನ್ನಿ. ಅಬ್ರಹಾಮ ಮಗನನ್ನು ಕರೆದುಕೊಂಡು ಬೆಟ್ಟಕ್ಕೆ ಹೊರಡುವ ಬೆಳಗ್ಗೆ ಹೋಮಕ್ಕೆಂದು ಸೌದೆ ಸೀಳುತ್ತಾನೆ. ಅಲ್ಲಿಯೂ ಅದೇ ‘ಕ್ಲೇವ್’. ಒಂದೇ ಪುಸ್ತಕದಲ್ಲಿ, ಒಂದೇ ಕಾಗುಣಿತದಲ್ಲಿ, ರೂತ್ ಅಂಟಿಕೊಂಡಳು ಮತ್ತು ಅಬ್ರಹಾಮ ಸೀಳಿದ. ಕೀರ್ತನೆಗಳಲ್ಲಿ ದೇವರು ಮರಳುಗಾಡಿನ ಬಂಡೆಗಳನ್ನು ಸೀಳುತ್ತಾನೆ. ಜೆರುಸಲೇಮನ್ನು ಮರೆತರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳಲಿ ಎಂದು ಇನ್ನೊಂದು ಕೀರ್ತನೆ ಶಪಥ ಮಾಡುತ್ತದೆ. ಎರಡು ಕಡೆಯೂ ಇದೇ ಪದ. ಈಗಿನ ಇಂಗ್ಲಿಷ್ ಅನುವಾದಗಳಲ್ಲಿ ಹಲವು ಇದನ್ನು ಕೈಬಿಟ್ಟು ‘ಒಂದಾಗುವನು’, ‘ಬಿಗಿಯಾಗಿ ಹಿಡಿಯುವನು’ ಎಂಬಂತಹ ಮಾತುಗಳನ್ನು ಬಳಸುತ್ತವೆ. ಅರ್ಥ ಸ್ಪಷ್ಟವಾಯಿತು, ನಿಜ. ಅಂಟು ಹೋಯಿತು ಎನ್ನುವ ನೋವು ನನಗಿದೆ.

ಆದಿಮಾನವರು ವಿರುದ್ಧ ಅರ್ಥಗಳಿಗೆ ಒಂದೇ ಪದ ಬಳಸುತ್ತಿದ್ದರು, ‘ಕ್ಲೀವ್’ ಅದಕ್ಕೆ ಪುರಾವೆ ಎಂದು ಓದಿದ್ದೇನೆ. ನಿಜವೇ?

ನಿಜವಲ್ಲ. ಆದರೆ ಇದನ್ನು ಹೇಳಿದವರು ಸಾಮಾನ್ಯರಲ್ಲ. ಜರ್ಮನ್ ಭಾಷಾಪಂಡಿತ ಕಾರ್ಲ್ ಆಬೆಲ್ 1884ರಲ್ಲಿ ಆದಿಮ ಪದಗಳ ವಿರುದ್ಧಾರ್ಥದ ಬಗ್ಗೆ ಒಂದು ಪುಸ್ತಿಕೆ ಬರೆದ. ಅತಿ ಹಳೆಯ ಭಾಷೆಗಳಲ್ಲಿ ಒಂದೇ ಪದ ಒಂದು ವಿಷಯವನ್ನೂ ಅದರ ವಿರುದ್ಧವನ್ನೂ ಸೂಚಿಸುತ್ತಿತ್ತು ಎನ್ನುವುದು ಅವನ ವಾದ. ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್ 1910ರಲ್ಲಿ ಅದನ್ನು ಸಂತೋಷದಿಂದ ಎತ್ತಿಕೊಂಡ. ಕನಸುಗಳಿಗೆ ‘ಇಲ್ಲ’ ಎನ್ನುವುದು ಗೊತ್ತಿಲ್ಲ, ಅವು ವಿರುದ್ಧಗಳನ್ನು ಒಂದಾಗಿಸುತ್ತವೆ ಎಂಬ ಅವನ ಸಿದ್ಧಾಂತಕ್ಕೆ ಇದು ಒಳ್ಳೆಯ ಆಸರೆಯಾಗಿ ಕಂಡಿತು. ಅವನು ಆಬೆಲನಿಂದ ತೆಗೆದುಕೊಟ್ಟ ಉದಾಹರಣೆಗಳಲ್ಲಿ ಜರ್ಮನ್ನಿನ ‘ಕ್ಲೇಬನ್’ ಮತ್ತು ಇಂಗ್ಲಿಷಿನ ‘ಕ್ಲೀವ್’ ಜೋಡಿಯೂ ಇದೆ. ಒಂದೆಡೆ ಅಂಟು, ಇನ್ನೊಂದೆಡೆ ಸೀಳು, ಬೇರು ಒಂದೇ ಎಂದು.

ಮೇಲಿನ ಉತ್ತರಗಳನ್ನು ಓದಿದವರಿಗೆ ಎಡವಟ್ಟು ಎಲ್ಲಿದೆ ಎಂದು ಈಗಾಗಲೇ ಕಂಡಿರಬೇಕು. ‘ಕ್ಲೇಬನ್’ ಪದದ ನಿಜವಾದ ಜೋಡಿ ಅಂಟುವ ‘ಕ್ಲೀವ್’. ಅದನ್ನು ತಂದು ಸೀಳುವ ‘ಕ್ಲೀವ್’ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ತಪ್ಪು ಮಂಜುನಾಥನನ್ನು ಮನೆಗೆ ಕರೆತಂದಂತೆ. ಫ್ರೆಂಚ್ ಭಾಷಾಶಾಸ್ತ್ರಜ್ಞ ಎಮಿಲ್ ಬೆನ್‌ವೆನಿಸ್ಟ್ 1956ರ ಲೇಖನದಲ್ಲಿ ಆಬೆಲನ ಇಂತಹ ಉದಾಹರಣೆಗಳನ್ನು ಪರೀಕ್ಷೆಗೊಡ್ಡಿ ಅವು ನಿಲ್ಲುವುದಿಲ್ಲ ಎಂದು ತೋರಿಸಿದ. ಮನುಷ್ಯನ ಮನಸ್ಸಿನ ಬಗ್ಗೆ ಅಷ್ಟು ದೊಡ್ಡ ಮಾತನ್ನು ಹೇಳಲು ಹೊರಟಾಗ ಒಂದು ಸ್ವರವನ್ನು ಕಡೆಗಣಿಸಿದ್ದು ಎಷ್ಟು ದುಬಾರಿಯಾಯಿತು ನೋಡಿ. ವ್ಯುತ್ಪತ್ತಿಯನ್ನು ಊಹೆಗೆ ಬಿಡಬಾರದು ಎಂದು ವಿದ್ಯಾರ್ಥಿಗಳಿಗೆ ಹೇಳುವಾಗಲೆಲ್ಲ ನಾನು ಈ ಪ್ರಸಂಗವನ್ನು ತಪ್ಪದೆ ಹೇಳುತ್ತೇನೆ.

ಸೀಳುವ ‘ಕ್ಲೀವ್’ ಪದಕ್ಕೂ ಕತ್ತರಿಸುವುದಕ್ಕೂ ವ್ಯತ್ಯಾಸವಿದೆಯೇ?

ಬಹಳ. ಬುಟ್ಟಿ ಹೆಣೆಯುವ ಮೇದಾರರು ಬಿದಿರು ಸೀಳುವುದನ್ನು ಹತ್ತಿರದಿಂದ ನೋಡಿದರೆ ಯಾವ ನಿಘಂಟೂ ಬೇಕಾಗುವುದಿಲ್ಲ. ಬಿದಿರನ್ನು ಅಳತೆಗೆ ತುಂಡು ಮಾಡುವುದು ಒಂದು ಕೆಲಸ; ಅದು ಅಡ್ಡಲಾಗಿ ಕಡಿಯುವುದು. ಆಮೇಲೆ ತುಂಡಿನ ತುದಿಗೆ ಕತ್ತಿಯ ಅಲಗನ್ನು ಇಟ್ಟು ಮೆಲ್ಲಗೆ ತಟ್ಟುತ್ತಾರೆ. ಅಲಗು ಒಂದು ಬೆರಳಷ್ಟು ಒಳಹೋದ ಮೇಲೆ ಕತ್ತಿಯನ್ನು ಸ್ವಲ್ಪ ತಿರುಚುತ್ತಾರೆ. ಚಟಚಟ ಎನ್ನುತ್ತ ಬಿದಿರು ತನ್ನ ನಾರಿನ ದಾರಿಯಲ್ಲೇ ಉದ್ದಕ್ಕೆ ಬಾಯಿಬಿಡುತ್ತದೆ. ಅಲ್ಲಿ ಕತ್ತರಿಸುವ ಕೆಲಸ ಕತ್ತಿಯದ್ದಲ್ಲ. ಒಳಗೆ ಮೊದಲೇ ಇದ್ದ ಗೆರೆ ತೆರೆದುಕೊಂಡಿದೆ. ‘ಕ್ಲೀವ್’ ಎಂದರೆ ಅದು. ಕನ್ನಡದಲ್ಲಿ ‘ಕಡಿ’ ಅಲ್ಲ, ‘ಸೀಳು’ ಅಥವಾ ‘ಸಿಗಿ’. ಸೌದೆಯನ್ನು ಉದ್ದಕ್ಕೆ ಸಿಗಿಯುತ್ತಾರೆ, ಅಡ್ಡಕ್ಕೆ ಕಡಿಯುತ್ತಾರೆ ಎಂಬ ಸೂಕ್ಷ್ಮ ನಮ್ಮ ಹಳ್ಳಿಗರಿಗೆ ಯಾರೂ ಕಲಿಸಬೇಕಾಗಿಲ್ಲ.

ಇಷ್ಟಾಗಿಯೂ ಕಟುಕರ ಮಚ್ಚಿಗೆ ಇಂಗ್ಲಿಷಿನಲ್ಲಿ ‘ಕ್ಲೀವರ್’ ಎನ್ನುತ್ತಾರೆ, ಅದು ಮೂಳೆಯನ್ನು ಅಡ್ಡಲಾಗಿಯೂ ಕಡಿಯುತ್ತದೆ. ಪದಗಳು ಎಲ್ಲ ಕಡೆ ನಿಯಮ ಪಾಲಿಸುವುದಿಲ್ಲ.

ವಜ್ರವನ್ನು ‘ಕ್ಲೀವ್’ ಮಾಡುತ್ತಾರೆ ಎನ್ನುತ್ತಾರಲ್ಲ, ಅದು ಹೇಗೆ?

ಬಿದಿರಿನ ತತ್ವವೇ. ವಜ್ರ ಅತ್ಯಂತ ಗಡುಸಾದರೂ ಅದರ ಹರಳಿನೊಳಗೆ ನಾಲ್ಕು ದಿಕ್ಕುಗಳ ಸಮತಲಗಳಲ್ಲಿ ಇಂಗಾಲದ ಪರಮಾಣುಗಳ ಹಿಡಿತ ಬೇರೆಡೆಗಿಂತ ಕಡಿಮೆ. ಆ ಸಮತಲ ಗುರುತಿಸಿ, ಮೇಲೆ ಇನ್ನೊಂದು ವಜ್ರದಿಂದ ಸಣ್ಣ ಗೀರು ಕೊರೆದು, ಮೊಂಡಾದ ಉಕ್ಕಿನ ಅಲಗನ್ನು ಅದರಲ್ಲಿ ನಿಲ್ಲಿಸಿ ಒಂದು ಪೆಟ್ಟು ಕೊಟ್ಟರೆ ವಜ್ರ ನುಣುಪಾಗಿ ಎರಡಾಗುತ್ತದೆ. ದಿಕ್ಕು ತಪ್ಪಿದರೆ ಚೂರುಚೂರು.

ಇದರಲ್ಲಿ ಪ್ರಸಿದ್ಧವಾದದ್ದು ಕಲಿನನ್ ವಜ್ರ. 1905ರಲ್ಲಿ ದಕ್ಷಿಣ ಆಫ್ರಿಕಾದ ಪ್ರೀಮಿಯರ್ ಗಣಿಯಲ್ಲಿ ಸಿಕ್ಕಾಗ ಅದರ ತೂಕ 3,106 ಕ್ಯಾರಟ್, ಅಂದರೆ 620 ಗ್ರಾಮಿಗೂ ಮೇಲು. ಟ್ರಾನ್ಸ್‌ವಾಲ್ ಸರ್ಕಾರ ಅದನ್ನು ಏಳನೆಯ ಎಡ್ವರ್ಡ್ ದೊರೆಗೆ ಕಾಣಿಕೆಯಾಗಿ ಕೊಟ್ಟಿತು. 1908ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಜೋಸೆಫ್ ಆಷರ್ ಅದನ್ನು ಸೀಳಲು ಕುಳಿತ. ಮೊದಲ ಪೆಟ್ಟಿಗೆ ಮುರಿದದ್ದು ಉಕ್ಕಿನ ಅಲಗು. ವಜ್ರ ಹಾಗೆಯೇ ಇತ್ತು. ಹೊಸ ಅಲಗಿನಿಂದ ಕೊಟ್ಟ ಪೆಟ್ಟಿಗೆ ಅದು ಸೀಳಿತು. ಸೀಳಿದ ಕ್ಷಣದಲ್ಲಿ ಆಷರ್ ಪ್ರಜ್ಞೆ ತಪ್ಪಿ ಬಿದ್ದ ಎಂಬ ಕಥೆ ಎಲ್ಲ ಕಡೆ ಸಿಗುತ್ತದೆ, ಆದರೆ ಅವನ ಮನೆಯವರೇ ಅದನ್ನು ಅಲ್ಲಗಳೆದಿದ್ದಾರೆ. ಕೊನೆಗೆ ಒಂಬತ್ತು ದೊಡ್ಡ ಹರಳುಗಳೂ 96 ಸಣ್ಣ ಹರಳುಗಳೂ ಸಿದ್ಧವಾದವು. ಎಲ್ಲಕ್ಕಿಂತ ದೊಡ್ಡದು 530 ಕ್ಯಾರಟ್ಟಿನದು, ಬ್ರಿಟನ್ನಿನ ರಾಜದಂಡದಲ್ಲಿದೆ.

ಖನಿಜಗಳ ಈ ಗುಣಕ್ಕೆ ಇಂಗ್ಲಿಷಿನಲ್ಲಿ ‘ಕ್ಲೀವೇಜ್’ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಕಾಗೆಬಂಗಾರದ ಚೂರನ್ನು ಉಗುರಿನಿಂದ ಎಳೆ ಎಳೆಯಾಗಿ ಬಿಡಿಸಿದವರೆಲ್ಲರೂ ಅದನ್ನು ಕಂಡಿದ್ದಾರೆ. ಅಭ್ರಕ ಎಂದು ಪುಸ್ತಕದ ಹೆಸರಿರುವ ಆ ಖನಿಜ ಒಂದೇ ದಿಕ್ಕಿನಲ್ಲಿ, ಕಾಗದದಂತೆ ಪದರ ಪದರವಾಗಿ ಬಿಡುತ್ತದೆ. ಗ್ರಾನೈಟಿಗೆ ಈ ಗುಣವಿಲ್ಲ. ಆದ್ದರಿಂದಲೇ ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಚೌಕದ ಕುಳಿಗಳು ಕಾಣುತ್ತವೆ. ದಾರಿ ತೋರಿಸದ ಕಲ್ಲಿಗೆ ಕಲ್ಲುಕುಟಿಗರು ಕುಳಿ ತೋಡಿ, ಬೆಣೆ ಹೊಡೆದು ತಾವೇ ದಾರಿ ಹಾಕಿಕೊಟ್ಟ ಗುರುತು ಅದು.

‘ಕ್ಲೀವೇಜ್’ ಪದವನ್ನು ಬೇರೆ ಎಲ್ಲಿ ಬಳಸುತ್ತಾರೆ?

ಜೀವಶಾಸ್ತ್ರದಲ್ಲಿ, ಫಲಿತ ಅಂಡ ಒಂದರಿಂದ ಎರಡು, ನಾಲ್ಕು, ಎಂಟು ಕೋಶಗಳಾಗುವ ಮೊದಲ ಹಂತಕ್ಕೆ. ಆಗ ಒಟ್ಟು ಗಾತ್ರ ಬೆಳೆಯುವುದಿಲ್ಲ, ಇದ್ದದ್ದೇ ಪಾಲಾಗುತ್ತದೆ; ಆದ್ದರಿಂದ ಪದ ಒಪ್ಪುತ್ತದೆ. ರಾಜ್ಯಶಾಸ್ತ್ರದಲ್ಲಿ ಸಮಾಜದೊಳಗಿನ ಆಳವಾದ ಒಡಕುಗಳಿಗೆ. 1967ರಲ್ಲಿ ಲಿಪ್‌ಸೆಟ್ ಮತ್ತು ರೊಕ್ಕನ್ ಎಂಬ ವಿದ್ವಾಂಸರು ಯುರೋಪಿನ ರಾಜಕೀಯ ಪಕ್ಷಗಳು ಇಂತಹ ಒಡಕುಗಳ ಗುಂಟ ಹುಟ್ಟಿದವು ಎಂದು ವಿವರಿಸಿದ ಮೇಲೆ ಆ ಬಳಕೆ ನೆಲೆಯೂರಿತು. ಹೆಂಗಸರ ಉಡುಪಿಗೆ ಸಂಬಂಧಿಸಿದ ಅರ್ಥ ಎಲ್ಲಕ್ಕಿಂತ ಹೊಸದು, 1940ರ ದಶಕದ ಅಮೆರಿಕದ್ದು. ಎಲ್ಲವೂ ಸೀಳುವ ಪದದ ಮಕ್ಕಳೇ.

ಲವಂಗಕ್ಕೂ ಬೆಳ್ಳುಳ್ಳಿ ಎಸಳಿಗೂ ಇಂಗ್ಲಿಷಿನಲ್ಲಿ ‘ಕ್ಲೋವ್’ ಎನ್ನುತ್ತಾರೆ. ಅವೂ ‘ಕ್ಲೀವ್’ ಸಂಬಂಧಿಗಳೇ?

ಬೆಳ್ಳುಳ್ಳಿಯದು ಹೌದು. ಗಡ್ಡೆ ಸೀಳಿಕೊಂಡು ಆದ ಎಸಳು ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ ಅದು. ಲವಂಗದ್ದು ಅಲ್ಲ. ಅದು ಫ್ರೆಂಚಿನ ‘ಕ್ಲೂ’, ಅಂದರೆ ಮೊಳೆ, ಎಂಬುದರಿಂದ ಬಂದದ್ದು. ಮೂಲ ಲ್ಯಾಟಿನ್ನಿನ ‘ಕ್ಲಾವುಸ್’. ಲವಂಗವೊಂದನ್ನು ಅಂಗೈಯಲ್ಲಿಟ್ಟು ನೋಡಿ, ತಲೆಯಿರುವ ಪುಟ್ಟ ಮೊಳೆಯೇ. ಇಲ್ಲಿಯೂ ಎರಡು ಪದಗಳು ಡಿಕ್ಕಿ ಹೊಡೆದಿವೆ. ಇಂಗ್ಲಿಷಿನಿಂದ ಅಡುಗೆಯ ವಿಧಾನ ಅನುವಾದಿಸುವವರು ಇಲ್ಲಿ ಎಚ್ಚರವಾಗಿರಬೇಕು. ನಾಲ್ಕು ಎಸಳು ಬೆಳ್ಳುಳ್ಳಿಯ ಜಾಗದಲ್ಲಿ ನಾಲ್ಕು ಲವಂಗ ಬಿದ್ದರೆ ಸಾರು ಬಾಯಿಗಿಡಲು ಆಗುವುದಿಲ್ಲ.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರಕ್ಕೂ ಈ ಪದಕ್ಕೂ ಸಂಬಂಧವಿದೆಯೇ?

ಇಲ್ಲ. 1796ರಲ್ಲಿ ಅಲ್ಲಿಗೆ ಬಂದ ಮೋಸಸ್ ಕ್ಲೀವ್‌ಲ್ಯಾಂಡ್ ಎಂಬ ಅಧಿಕಾರಿಯ ಹೆಸರು ಅದು. ಆ ಮನೆತನದ ಹೆಸರಿನ ಮೂಲ ಇಂಗ್ಲೆಂಡಿನ ಒಂದು ಪ್ರದೇಶ; ಕಡಿಬಂಡೆಗಳ ನಾಡು ಎಂದು ಅದರ ಅರ್ಥ.

ಹೀಗೆ ಎರಡು ಪದ ಒಂದಾದ ಇನ್ನೊಂದು ಉದಾಹರಣೆ ಇಂಗ್ಲಿಷಿನಲ್ಲಿ ಇದೆಯೇ?

ನಿಮ್ಮ ಮನೆಯ ಬೀರುವಿನಲ್ಲೇ ಇರಬಹುದು. ಭಾರತದ ಪಾಸ್‌ಪೋರ್ಟ್ ತೆರೆದು ಗಣರಾಜ್ಯದ ರಾಷ್ಟ್ರಪತಿಗಳ ಹೆಸರಿನಲ್ಲಿರುವ ವಿನಂತಿಯನ್ನು ಇಂಗ್ಲಿಷಿನಲ್ಲಿ ಓದಿ. ಇದನ್ನು ಹೊಂದಿರುವವರನ್ನು ‘ಲೆಟ್’ ಅಥವಾ ಅಡಚಣೆ ಇಲ್ಲದೆ ಹೋಗಗೊಡಬೇಕು ಎಂದಿದೆ. ‘ಲೆಟ್’ ಎಂದರೆ ಬಿಡು, ಅನುಮತಿಸು ಎಂದು ಕಲಿತವರು ಇಲ್ಲಿ ತಡವರಿಸುತ್ತಾರೆ. ಅನುಮತಿ ಇಲ್ಲದೆ ಹೋಗಗೊಡುವುದೆಂದರೇನು? ಇದು ಬೇರೆಯ ‘ಲೆಟ್’, ಅರ್ಥ ಅಡ್ಡಿ. ಹಳೆಯ ಇಂಗ್ಲಿಷಿನಲ್ಲಿ ಬಿಡುವುದು ‘ಲ್ಯಾಟನ್’, ತಡೆಯುವುದು ‘ಲೆಟ್ಟನ್’. ಸವೆದು ಸವೆದು ಎರಡೂ ‘ಲೆಟ್’. ತಡೆಯುವ ‘ಲೆಟ್’ ಮಾತಿನಿಂದ ಸತ್ತು ಎಷ್ಟೋ ಕಾಲವಾಯಿತು, ಕಾನೂನಿನ ಈ ನುಡಿಗಟ್ಟಿನಲ್ಲಿ ಇನ್ನೂ ಗಡಿ ದಾಟುತ್ತ ಬದುಕಿದೆ.

ಕನ್ನಡಕ್ಕೆ ಅನುವಾದಿಸುವಾಗ ಯಾವ ಪದ ಬಳಸಲಿ?

ಸೀಳುವ ಅರ್ಥಕ್ಕೆ ‘ಸೀಳು’ ಹೆಚ್ಚಿನ ಕಡೆ ಸಾಕು. ದೋಣಿ ಅಲೆಗಳನ್ನು ಸೀಳಿಕೊಂಡು ಹೋಯಿತು, ಬಾಣ ಗಾಳಿಯನ್ನು ಸೀಳಿತು ಎಂದು ನಮ್ಮಲ್ಲೂ ಹೇಳುತ್ತೇವೆ. ಅಂಟುವ ಅರ್ಥ ಕಷ್ಟದ್ದು. ಬೆವರಿದ ಅಂಗಿ ಬೆನ್ನಿಗೆ ‘ಅಂಟಿಕೊಂಡಿತು’ ಎಂದರೆ ಸರಿ. ಆದರೆ ಮನುಷ್ಯ ತನ್ನ ನಂಬಿಕೆಗೆ ಅಂಟಿಕೊಂಡ ಎಂದರೆ ಕನ್ನಡದಲ್ಲಿ ಹಠಮಾರಿತನದ ವಾಸನೆ ಬರುತ್ತದೆ, ಜೋತುಬಿದ್ದ ಎಂದರೆ ಇನ್ನೂ ಕೆಟ್ಟದಾಗುತ್ತದೆ. ಇಂಗ್ಲಿಷಿನ ‘ಕ್ಲೀವ್’ ಅಲ್ಲಿ ನಿಷ್ಠೆಯ ಪದ, ಗೌರವದ ಪದ. ‘ನಂಬಿಕೆಯನ್ನು ಬಿಡಲಿಲ್ಲ’ ಎಂದು ನಿಷೇಧ ರೂಪದಲ್ಲಿ ಹೇಳಿದರೆ ಆ ಗೌರವ ಉಳಿಯುತ್ತದೆ. ಕನ್ನಡದಲ್ಲಿ ಅಂಟುವುದಕ್ಕಿಂತ ಬಿಡದಿರುವುದು ದೊಡ್ಡದು.

ಅಂಟುವ ‘ಕ್ಲೀವ್’ ಪದಕ್ಕೆ ನೆಂಟರು ಯಾರು?

ಇಂಗ್ಲಿಷಿನಲ್ಲಿ ಜೇಡಿಮಣ್ಣಿಗೆ ಹೇಳುವ ‘ಕ್ಲೇ’, ಮತ್ತು ಲ್ಯಾಟಿನ್ ಕಡೆಯಿಂದ ಬಂದ ‘ಗ್ಲೂ’, ಅಂದರೆ ಅಂಟು. ಕೈಗೆ, ಕಾಲಿಗೆ, ಗಾಲಿಗೆ ಮೆತ್ತುವುದೇ ಜೇಡಿಮಣ್ಣಿನ ಸ್ವಭಾವವಾದ್ದರಿಂದ ಈ ನೆಂಟಸ್ತನ ಸಹಜ. ಇದನ್ನು ತಿಳಿದುಕೊಂಡು ದಾನಿಯೇಲನ ಗ್ರಂಥದ 1611ರ ಅನುವಾದವನ್ನು ಓದಬೇಕು. ಬಾಬಿಲೋನಿನ ದೊರೆ ಕನಸಿನಲ್ಲಿ ಕಂಡ ಪ್ರತಿಮೆಯ ಪಾದಗಳು ಅರ್ಧ ಕಬ್ಬಿಣ, ಅರ್ಧ ಜೇಡಿಮಣ್ಣು. ಕಬ್ಬಿಣವೂ ‘ಕ್ಲೇ’ಯೂ ಬೆರೆಯದಿರುವಂತೆ ಆ ಜನರೂ ಒಬ್ಬರಿಗೊಬ್ಬರು ‘ಕ್ಲೀವ್’ ಆಗುವುದಿಲ್ಲ ಎಂದು ದಾನಿಯೇಲ ದೊರೆಗೆ ಕನಸಿನ ಅರ್ಥ ಬಿಡಿಸುತ್ತಾನೆ. ಒಂದೇ ಬೇರಿನ ಎರಡು ಪದಗಳು ಆ ಒಂದೇ ವಾಕ್ಯದಲ್ಲಿ ಅಕ್ಕಪಕ್ಕ ಕುಳಿತಿವೆ.